ಅನಸ್ತೇಶಿಯಾ ಇಳಿದ ಮೇಲೂ ಮಂಪರು: ನನ್ನ ಪಿಟ್ಯುಟರಿ ಆಪರೇಷನ್ ಅನುಭವ

ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಯ ಗಡ್ಡೆ ತೆಗೆಸೋ ಆಪರೇಷನ್ ಆಗಿ ಮೂರೂವರೆ ತಿಂಗಳಾಯಿತು. ಮೊನ್ನೆ ಕೊನೇ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಆಪರೇಷನ್‌ಗಿಂತ ಅನಸ್ತೇಶಿಯಾ ಮೇಲೇ ಭಯ ಜಾಸ್ತಿ ಇತ್ತು. "ತಲೆ ಒಳಗಿನ ಆಪರೇಷನ್ನು, ಮತ್ತಿನ ಔಷಧಿ ಕೊಟ್ಟರೆ ಎಚ್ಚರ ಆಗ್ತಾಳೋ ಇಲ್ವೋ" ಅಂತ ನಮ್ಮತ್ತೆ ದುಗ್ಗಮ್ಮನಿಗೆ ಹರಕೆ ಕಟ್ಟಿದ್ದರು. ಎಚ್ಚರ ಸರಿಯಾಗೇ ಆಯಿತು. ತೊಂದರೆ ಬಂದಿದ್ದು ಎಂಟು ದಿನ ಬಿಟ್ಟು, ನಾವು ಯಾರೂ ಕಾಯದೇ ಇದ್ದ ಕಡೆಯಿಂದ. ಅದನ್ನೂ ಅನಸ್ತೇಶಿಯಾ ತಲೆಗೇ ಕಟ್ಟಿ ನಾವು ಒಂದೂವರೆ ದಿನ ಕಳೆದೆವು. ನಿಮಗೆ ಹಾಗಾಗಬಾರದು.

ನಾನು ದಾವಣಗೆರೆಯ ನಿಟುವಳ್ಳಿಯವಳು, 46 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮವರು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ.

ಮೊದಲು ಹೇಳಿದ್ದು ನನ್ನ ಕತ್ತರಿ. ಹದಿನೈದು ವರ್ಷದಿಂದ ಅದೇ ಕತ್ತರಿ. ಹೆಬ್ಬೆರಳು ನೋಯಬಾರದು ಅಂತ ಹಿಡಿಗೆ ಬಟ್ಟೆ ಪಟ್ಟಿ ಸುತ್ತಿದ್ದೆ. ಎರಡು ವರ್ಷದ ಹಿಂದೆ ಬೆರಳು ಒಳಗೆ ಸಿಕ್ಕಿಕೊಳ್ಳೋಕೆ ಶುರುವಾಯಿತು. ಪಟ್ಟಿ ಬಿಚ್ಚಿದೆ. ಆರು ತಿಂಗಳಲ್ಲಿ ಬರೀ ಕಬ್ಬಿಣದ ಹಿಡಿಯಲ್ಲೂ ಬೆರಳಿನ ಗಂಟು ದಾಟಲಿಲ್ಲ. ಬಳೆ 2.4 ಹಾಕುತ್ತಿದ್ದವಳಿಗೆ 2.8 ಬೇಕಾಯಿತು. ಚಪ್ಪಲಿ ಎರಡು ನಂಬರ್ ಮೇಲೆ ಹೋಯಿತು. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಗೊರಕೆ ಎಷ್ಟು ಅಂದರೆ ಮಗಳು ಬೇರೆ ಕೋಣೆಗೆ ಹಾಸಿಗೆ ಸಾಗಿಸಿದಳು. ವಯಸ್ಸಾಯಿತು, ದಪ್ಪ ಆದೆ, ಮಷಿನ್ ತುಳಿದು ಕೈಕಾಲು ಊದಿದೆ ಅಂತ ಸುಮ್ನಿದ್ದೆ. ಬಿಪಿ, ಶುಗರ್ ಎರಡೂ ಒಟ್ಟಿಗೇ ಬಂದಾಗಲೂ ಅನುಮಾನ ಬರಲಿಲ್ಲ.

ಹಿಡಿದಿದ್ದು ಹಲ್ಲಿನ ಡಾಕ್ಟರು. ಕೆಳಗಿನ ಹಲ್ಲುಗಳ ನಡುವೆ ಸಂದು ಬಿಟ್ಟಿತ್ತು, ತೋರಿಸೋಕೆ ಹೋಗಿದ್ದೆ. ಅವರು ನನ್ನ ನಾಲಿಗೆ, ದವಡೆ ನೋಡಿ, "ಅಕ್ಕಾ, ನಿಮ್ಮ ಹಳೇ ಫೋಟೋ ಇದೆಯಾ?" ಅಂದರು. ಮಗಳ ನಾಮಕರಣದ ಫೋಟೋ ಮೊಬೈಲಿನಲ್ಲಿತ್ತು. ನೋಡಿದವರೇ ಹಾರ್ಮೋನ್ ಡಾಕ್ಟರ ಹತ್ತಿರ ಕಳಿಸಿದರು. ಬೆಳವಣಿಗೆ ಹಾರ್ಮೋನ್ ಜಾಸ್ತಿ ಇದೆಯಾ ಅಂತ ತೋರಿಸೋ ಐಜಿಎಫ್-1 ಅನ್ನೋ ರಕ್ತ ಪರೀಕ್ಷೆ ಜಾಸ್ತಿ ಬಂತು. ಆಮೇಲೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಅರ್ಧ ಗಂಟೆಗೊಮ್ಮೆ ಎರಡು ಗಂಟೆ ರಕ್ತ ತೆಗೆದರು. ಸಕ್ಕರೆ ಒಳಗೆ ಹೋದರೆ ಬೆಳವಣಿಗೆ ಹಾರ್ಮೋನ್ ಇಳಿಯಬೇಕಂತೆ, ನನಗೆ ಇಳಿಯಲಿಲ್ಲ. ಎಂಆರ್‌ಐನಲ್ಲಿ ಪಿಟ್ಯುಟರಿಯಲ್ಲಿ 14 ಮಿಲಿಮೀಟರ್ ಗಡ್ಡೆ ಕಂಡಿತು. ಪಿಟ್ಯುಟರಿ ಅಂದರೆ ಮೂಗಿನ ಹಿಂದೆ, ಮೆದುಳಿನ ಕೆಳಗೆ, ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿ. ಕಾಯಿಲೆಯ ಹೆಸರು ಅಕ್ರೊಮೆಗಲಿ, ಅಂದರೆ ಬೆಳವಣಿಗೆ ಹಾರ್ಮೋನ್ ಜಾಸ್ತಿಯಾಗಿ ಕೈ, ಕಾಲು, ದವಡೆ ಬೆಳೆಯೋದು. ಗಡ್ಡೆ ಕ್ಯಾನ್ಸರ್ ಅಲ್ಲ ಅಂತ ಡಾಕ್ಟರು ಮೂರು ಸಲ ಹೇಳಿದರು, ನಾಲ್ಕನೇ ಸಲ ನಮ್ಮವರು ಕೇಳಿದರು.

ಮೂಗಿನ ಮೂಲಕ ದುರ್ಬೀನು ಹಾಕಿ ತೆಗೆಯುವ ಆಪರೇಷನ್. ಬೆಂಗಳೂರಿಗೆ ಬರೆದುಕೊಟ್ಟರು.

ಇಲ್ಲಿ ಕಾಗದ ಪತ್ರದ ಮಾತು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ. 30ರಷ್ಟು ಮಾತ್ರ, ವರ್ಷಕ್ಕೆ 1.5 ಲಕ್ಷದವರೆಗೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಪತ್ರ ತಂದೆವು. ಆದರೆ ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಕೊನೆಗೆ "ಮ್ಮ" ಇತ್ತು, ಆಧಾರಿನಲ್ಲಿ ಇರಲಿಲ್ಲ. ಆ ಒಂದು ಅಕ್ಷರಕ್ಕೆ 19 ದಿನ ಹೋಯಿತು. ಡಾಕ್ಟರ ಚೀಟಿ ಕೈಗೆ ಬಂದ ದಿನವೇ ಎರಡೂ ಕಾರ್ಡು ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಇನ್ನೊಂದು, ಅಡ್ಮಿಟ್ ಆಗೋ ಮುಂಚಿನ ಪರೀಕ್ಷೆಗಳಿಗೆ ನಾವು ಕೈಯಿಂದಲೇ ಹಾಕಿದೆವು. ಎಂಆರ್‌ಐ, ಹಾರ್ಮೋನ್ ಪರೀಕ್ಷೆ, ಹೃದಯದ ಎಕೋ, ಓಡಾಟ ಎಲ್ಲಾ ಸೇರಿ ಹತ್ತಿರ ಹತ್ತಿರ 30 ಸಾವಿರ.

ಬೆಂಗಳೂರಿನಲ್ಲಿ ಸರ್ಜನ್ ನೋಡಿದ್ದು ಹತ್ತು ನಿಮಿಷ. ಫಿಟ್‌ನೆಸ್ ಕೊಡೋ ಅನಸ್ತೇಶಿಯಾ ಡಾಕ್ಟರು ನೋಡಿದ್ದು ಮುಕ್ಕಾಲು ಗಂಟೆ. ಅಷ್ಟು ಹೊತ್ತು ಯಾಕೆ ಅಂತ ಆವಾಗ ಅರ್ಥ ಆಗಲಿಲ್ಲ.

"ಅಮ್ಮ, ಬಾಯಿ ಪೂರ್ತಿ ತೆಗೀರಿ. ನಾಲಿಗೆ ಚಾಚಿ. ಆ ಅನ್ನಬೇಡಿ, ಸುಮ್ನೆ ಚಾಚಿ." ಟಾರ್ಚ್ ಹಾಕಿ ನೋಡಿದರು. ಕಿರುನಾಲಿಗೆ ಕಾಣಲೇ ಇಲ್ಲವಂತೆ. ಕುತ್ತಿಗೆ ಹಿಂದಕ್ಕೆ ಬಗ್ಗಿಸಿದರು, ಟೇಪು ಹಿಡಿದು ಕುತ್ತಿಗೆ ಸುತ್ತಳತೆ ತಗೊಂಡರು. ನಾನು ಹೊಲಿಯುವವಳು, ದಿನಾ ನಾಲ್ಕು ಜನರ ಕುತ್ತಿಗೆ ಅಳೆಯುತ್ತೇನೆ, ನನ್ನದು ಯಾವತ್ತೂ ಅಳೆದಿರಲಿಲ್ಲ. ಈ ಕಾಯಿಲೆಯಲ್ಲಿ ನಾಲಿಗೆ, ಗಂಟಲಿನ ಒಳಗಿನ ಮಾಂಸ ಎಲ್ಲಾ ಬೆಳೆದಿರುತ್ತೆ, ಉಸಿರಿನ ನಳಿಗೆ ಹಾಕೋದು ಕಷ್ಟ, ಅದಕ್ಕೆ ಕ್ಯಾಮೆರಾ ಇರೋ ಉಪಕರಣ ಇಟ್ಟುಕೊಂಡೇ ಶುರು ಮಾಡ್ತೀವಿ ಅಂದರು.

ಗೊರಕೆ ಕೇಳಿದಾಗ ನಮ್ಮವರು ಮೊಬೈಲ್ ತೆಗೆದು ವಿಡಿಯೋ ತೋರಿಸಿದರು. ಮಗಳು ಒಂದು ರಾತ್ರಿ ಮಾಡಿದ್ದಳು. ಗೊರಕೆ ನಡುವೆ ಉಸಿರು ನಿಂತು, ಆಮೇಲೆ ಎಳೆದುಕೊಳ್ಳೋದು ಅದರಲ್ಲಿ ಕಾಣುತ್ತಿತ್ತು. ಮೇಡಂ ಎರಡು ಸಲ ನೋಡಿ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ನೋಡೋ ಪರೀಕ್ಷೆ ಬರೆದರು. ನಿಮ್ಮ ಮನೆಯಲ್ಲೂ ಗೊರಕೆ ಇದ್ದರೆ ವಿಡಿಯೋ ಮಾಡಿಟ್ಟುಕೊಳ್ಳಿ. ನನಗೆ ಅದರಿಂದ ಬಹಳ ಉಪಯೋಗ ಆಯಿತು.

ಆಮೇಲೆ ಒಂದಾದ ಮೇಲೊಂದು ಪ್ರಶ್ನೆ. ಬೀಡಿ, ಸಿಗರೇಟು? ಇಲ್ಲ. ಬಸ್ಸಿನಲ್ಲಿ ವಾಂತಿ ಆಗುತ್ತಾ? ಆಗುತ್ತೆ, ಬೆಂಗಳೂರಿಗೆ ಬರೋಕೆ ಅದಕ್ಕೇ ರೈಲು ಹತ್ತಿದ್ದು. ಹಿಂದೆ ಆಪರೇಷನ್ ಆಗಿದೆಯಾ? 2014ರಲ್ಲಿ ಗರ್ಭಕೋಶದ್ದು. ಆಮೇಲೆ ಹೇಗಿದ್ರಿ? ಆ ರಾತ್ರಿ ಈಗಲೂ ನೆನಪಿದೆ. ಬೆಳಗಿನವರೆಗೆ ವಾಂತಿ, ಹೊಲಿಗೆ ಹಿಡಿದುಕೊಂಡು ಅತ್ತಿದ್ದೆ. ಇದನ್ನು ಕೇಳಿ ಅವರು ಪೆನ್ನು ಕೆಳಗಿಟ್ಟರು. "ಅದರ ಅನಸ್ತೇಶಿಯಾ ಶೀಟ್ ಬೇಕಿತ್ತಲ್ಲ." ಯಾವ ಔಷಧಿಯಿಂದ, ಹೇಗೆ ಮತ್ತು ಬರಿಸಿದರು ಅಂತ ಬರೆದಿಡೋ ಹಾಳೆ ಅದು.

ಡಿಸ್ಚಾರ್ಜ್ ಕಾಗದದಲ್ಲಿ ಪೂರ್ತಿ ಮತ್ತು ಕೊಟ್ಟಿದ್ದರು ಅಂತ ಒಂದು ಸಾಲು, ಅಷ್ಟೇ. ಊರಿಗೆ ಬಂದು ಆ ನರ್ಸಿಂಗ್ ಹೋಮಿಗೆ ನಮ್ಮವರು ನಾಲ್ಕು ಸಲ ಓಡಾಡಿದರು. ಹಳೇ ಫೈಲು ಸಿಗಲ್ಲ, ನಾಳೆ ಬನ್ನಿ. ಕೊನೆಗೂ ಸಿಗಲಿಲ್ಲ. ದಯವಿಟ್ಟು ಯಾವ ಆಪರೇಷನ್ ಆದರೂ ಮನೆಗೆ ಹೊರಡೋ ದಿನವೇ ಅನಸ್ತೇಶಿಯಾ ಶೀಟಿನ ಜೆರಾಕ್ಸ್ ಕೇಳಿ ಇಸ್ಕೊಳ್ಳಿ.

ಎರಡನೇ ಸಲ ಹೋದಾಗ ಮೇಡಂ ವಿವರವಾಗಿ ಹೇಳಿದರು. ಮೊದಲು ಸಾಮಾನ್ಯವಾಗಿ ಸೂಜಿಯಿಂದಲೇ ನಿದ್ದೆ ಬರಿಸುತ್ತಾರೆ. ಆಪರೇಷನ್ ಮುಗಿಯೋವರೆಗೆ ನಿದ್ದೆಯಲ್ಲಿ ಇಡೋಕೆ ಎರಡು ದಾರಿ. ಒಂದು, ಸೆವೊಫ್ಲುರೇನ್ ಥರದ ಗ್ಯಾಸು, ಉಸಿರಿನ ನಳಿಗೆಯಲ್ಲಿ ಹೋಗುತ್ತೆ. ಇನ್ನೊಂದು, ಪ್ರೊಪೊಫಾಲ್ ಅನ್ನೋ ಬಿಳೀ ಔಷಧಿಯನ್ನು ಪಂಪಿನಲ್ಲಿ ರಕ್ತನಾಳಕ್ಕೆ ಬಿಡ್ತಾನೇ ಇರೋದು. "ಯಾವುದು ಒಳ್ಳೇದು ಮೇಡಂ?" ಅಂದೆ. "ಎರಡೂ ಒಳ್ಳೇದೇ. ಎಚ್ಚರ ಆಗೋ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ನಿಮಿಷಗಳ ಲೆಕ್ಕ. ಆದರೆ ನಿಮಗೆ ವಾಂತಿ ಆಗೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಹೆಂಗಸು, ಸಿಗರೇಟು ಇಲ್ಲ, ಬಸ್ಸಲ್ಲಿ ವಾಂತಿ, ಹಿಂದೆ ಆಪರೇಷನ್ ಆದಾಗಲೂ ವಾಂತಿ. ಪ್ರೊಪೊಫಾಲ್‌ನಲ್ಲಿ ಮೊದಲ ದಿನದ ವಾಂತಿ ಕಮ್ಮಿ. ಅದಕ್ಕೆ ನಿಮಗೆ ಅದು."

ವಾಂತಿ ಅಂದರೆ ಬರೀ ಸಂಕಟ ಅಂದುಕೊಂಡಿದ್ದೆ. ಹಾಗಲ್ಲ. ಗಡ್ಡೆ ತೆಗೆದ ಮೇಲೆ ಮೂಗಿಗೂ ಮೆದುಳಿಗೂ ನಡುವಿನ ಗೋಡೆಯನ್ನು ಒಳಗಿಂದ ಮುಚ್ಚಿರುತ್ತಾರೆ. ನನಗೆ ತೊಡೆಯಿಂದ ಚೂರು ಕೊಬ್ಬು ತೆಗೆದು ತುಂಬಿದ್ದಾರೆ. ಜೋರಾಗಿ ವಾಂತಿ ಮಾಡಿದರೆ, ತಿಣುಕಿದರೆ, ಕೆಮ್ಮಿದರೆ ಆ ತೇಪೆ ಮೇಲೆ ಒತ್ತಡ ಬೀಳುತ್ತೆ, ಮೆದುಳಿನ ನೀರು ಮೂಗಿನಿಂದ ಸೋರಬಹುದು. ರಕ್ತ ಗಂಟಲಿಗಿಳಿದು ಹೊಟ್ಟೆಗೆ ಹೋದರೂ ವಾಂತಿ. ಅದಕ್ಕೇ ಗಂಟಲಲ್ಲಿ ಬಟ್ಟೆ ಪಟ್ಟಿ ಇಟ್ಟಿರುತ್ತಾರೆ, ಎಚ್ಚರ ಆಗೋ ಮುಂಚೆ ತೆಗೆಯುತ್ತಾರೆ.

ಅವರ ಇನ್ನೊಂದು ಚಿಂತೆ ಉಸಿರಿನದು. ಗೊರಕೆ ಕಾಯಿಲೆ ಇದ್ದವರಿಗೆ ರಾತ್ರಿ ಗಾಳಿ ಒತ್ತುವ ಮಾಸ್ಕ್ ಕೊಡುತ್ತಾರೆ. ಈ ಆಪರೇಷನ್ ಆದ ತಕ್ಷಣ ಅದನ್ನು ಹಾಕುವ ಹಾಗಿಲ್ಲ, ಗಾಳಿ ತೇಪೆ ದಾಟಿ ತಲೆಯೊಳಗೆ ಹೋಗಬಹುದು. ಹಾಗಾಗಿ ಉಸಿರು ಮಂದ ಮಾಡೋ ನೋವಿನ ಇಂಜೆಕ್ಷನ್ ಆದಷ್ಟು ಕಮ್ಮಿ, ನೋವಿಗೆ ಪ್ಯಾರಸಿಟಮಾಲ್ ಡ್ರಿಪ್.

ಕೊನೆಗೆ ಒಂದು ಮನೆಗೆಲಸ ಕೊಟ್ಟರು. ದಿನಾ ಹತ್ತು ನಿಮಿಷ ಮೂಗು ಹಿಡಿದುಕೊಂಡು ಬಾಯಲ್ಲಿ ಉಸಿರಾಡೋದು. ಎದ್ದಾಗ ಮೂಗು ಪೂರ್ತಿ ಕಟ್ಟಿರುತ್ತೆ, ಗೊತ್ತಿಲ್ಲದವರು ಉಸಿರು ನಿಂತಿತು ಅಂತ ಗಾಬರಿ ಬೀಳುತ್ತಾರಂತೆ. ನಾನು ಬಟ್ಟೆಗೆ ಸಿಕ್ಕಿಸೋ ಕ್ಲಿಪ್ಪು ಮೂಗಿಗೆ ಹಾಕಿಕೊಂಡು ಹೆಮ್ಮಿಂಗ್ ಮಾಡುತ್ತಿದ್ದೆ. ಎರಡು ವಾರ ಬಿಡದೆ ಮಾಡಿದೆ.

ಹೊರಡೋ ಮುಂಚೆ ಉಂಗುರ, ಕಾಲುಂಗುರ ತೆಗೆಯಬೇಕಿತ್ತು. ಬರಲಿಲ್ಲ. ಸೋಪು, ಎಣ್ಣೆ, ದಾರ ಸುತ್ತೋದು ಎಲ್ಲಾ ಆಯಿತು. ಕೊನೆಗೆ ಹಳೇ ಪೇಟೆಯ ಅಕ್ಕಸಾಲಿಗರ ಹತ್ತಿರ ಹೋಗಿ ಮದುವೆ ಉಂಗುರ ಕತ್ತರಿಸಿದೆವು. ಅವರು ಉಂಗುರದ ಕೆಳಗೆ ಸಣ್ಣ ತಗಡು ತೂರಿಸಿ, ಚರ್ಮಕ್ಕೆ ತಾಗದ ಹಾಗೆ ಅರ ಹಾಕಿ ಉಜ್ಜಿದರು. ಬೆರಳಿನಲ್ಲಿ ಬಿಳೀ ಗುರುತು ಉಳಿಯಿತು. ನಮ್ಮವರು ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಮನೆವರೆಗೂ ಮಾತಾಡಲಿಲ್ಲ. ಈ ಕೆಲಸ ಊರಲ್ಲೇ ಮುಗಿಸಿಕೊಳ್ಳಿ. ಥಿಯೇಟರ್ ಬಾಗಿಲಲ್ಲಿ ಸಿಸ್ಟರು ಅವಸರ ಮಾಡುವಾಗ ಆಗೋದಲ್ಲ.

ಆಪರೇಷನ್ ದಿನದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಒಳಗೆ ಚಳಿ. ಹಣೆಗೆ ಒಂದು ಪಟ್ಟಿ ಅಂಟಿಸಿದರು, ನಿದ್ದೆ ಎಷ್ಟು ಆಳ ಇದೆ ಅಂತ ತೋರಿಸುತ್ತಂತೆ. ಮುಂಗೈಗೆ ಬಿಳೀ ಔಷಧಿ ಹತ್ತುವಾಗ ಮೊಣಕೈವರೆಗೆ ಉರಿ ಎದ್ದಿತು, ಉರಿಯುತ್ತೆ ಅಂತ ಅವರು ಮೊದಲೇ ಹೇಳಿದ್ದರು. "ನಿಮ್ಮೂರಿನ ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿರುತ್ತೆ ಹೇಳಿ" ಅಂದರು ಮೇಡಂ. ಹೇಳೋಕೆ ಬಾಯಿ ತೆಗೆದಿದ್ದು ನೆನಪಿದೆ.

ಆಮೇಲೆ, "ಕಣ್ಣು ಬಿಡಿ, ಬಾಯಲ್ಲಿ ಉಸಿರಾಡಿ." ನಡುವೆ ನಾಲ್ಕು ಗಂಟೆ ಹೋಗಿತ್ತು. ಮೂಗು ಕಟ್ಟಿತ್ತು, ಆದರೆ ಗಾಬರಿ ಆಗಲಿಲ್ಲ. ಕ್ಲಿಪ್ಪಿನ ಅಭ್ಯಾಸ ಕೈ ಹಿಡಿಯಿತು. ಬೆರಳು ಎಷ್ಟು ಅಂತ ಕೇಳಿದರು, ಎರಡು ಅಂದೆ. ಒಂದೊಂದು ಕಣ್ಣು ಮುಚ್ಚಿ ಮತ್ತೆ ಕೇಳಿದರು. ಒಳಗೆ ರಕ್ತ ಕಟ್ಟಿಕೊಂಡರೆ ಮೊದಲು ಕಣ್ಣಿನ ನರಕ್ಕೆ ಒತ್ತುತ್ತೆ, ಬೇಗ ಎಚ್ಚರ ಆದರೆ ಮಾತ್ರ ಅದು ತಕ್ಷಣ ಗೊತ್ತಾಗುತ್ತೆ. ಗಂಟಲು ಎರಡು ದಿನ ಕೆರೆಯುತ್ತಿತ್ತು. ಸಂಜೆ ಒಂದು ಸಲ ಹೊಟ್ಟೆ ತೊಳಸಿದ ಹಾಗಾಯಿತು, ಇಂಜೆಕ್ಷನ್ ಕೊಟ್ಟರು, ನಿಂತಿತು. ವಾಂತಿ ಆಗಲಿಲ್ಲ. 2014ರ ರಾತ್ರಿ ನೆನೆಸಿಕೊಂಡರೆ ನನಗೆ ಇದೇ ದೊಡ್ಡದು.

ಆದರೆ ಒಂದು ಮಾತು ಹೇಳಲೇಬೇಕು. ಪಕ್ಕದ ಬೆಡ್ಡಿನಲ್ಲಿ ಇದೇ ಆಪರೇಷನ್ ಆದ ಹಿರಿಯೂರಿನ ಅಜ್ಜಿಗೆ ಗ್ಯಾಸಿನಲ್ಲೇ ಮಾಡಿದ್ದು. ಅವರೂ ನನ್ನಷ್ಟೇ ಬೇಗ ಎದ್ದರು, ರಾತ್ರಿ ಇಡ್ಲಿ ತಿಂದರು. ಹಾಗಾಗಿ ಈ ಬರಹ ಓದಿ "ನಮಗೂ ಪ್ರೊಪೊಫಾಲೇ ಕೊಡಿ" ಅಂತ ಹಟ ಮಾಡೋದು ಬೇಡ. ಹಿಂದಿನ ವಾಂತಿ, ಗೊರಕೆ, ಕುಡಿಯೋ ಮಾತ್ರೆ ಎಲ್ಲಾ ಬಿಚ್ಚಿ ಹೇಳಿ. ಆರಿಸೋದು ಅವರು, ಆದರೆ ನಾವು ಹೇಳಿದ್ದನ್ನು ನೋಡಿಯೇ ಆರಿಸುತ್ತಾರೆ.

ಮುಂದಿನ ಮೂರು ದಿನ ಎಲ್ಲರ ಗಮನ ನನ್ನ ಮೂತ್ರದ ಮೇಲೆ. ಗಂಟೆಗೆ ಎಷ್ಟು ಬಂತು, ಎಷ್ಟು ಕುಡಿದೆ, ಬರೆದಿಡೋದು. ದೇಹದ ನೀರು ಹಿಡಿದಿಡೋ ಹಾರ್ಮೋನ್ ಕೂಡ ಪಿಟ್ಯುಟರಿಯಿಂದಲೇ ಬರುತ್ತೆ. ಅದು ಕಮ್ಮಿಯಾದರೆ ನೀರೆಲ್ಲಾ ಹರಿದುಹೋಗುತ್ತೆ. ನನಗೆ ಜಾಸ್ತಿ ಹೋಯಿತು, ಆದರೆ ರಕ್ತದ ಉಪ್ಪು, ಅಂದರೆ ಸೋಡಿಯಂ ಸರಿಯಿತ್ತು. ಇಷ್ಟು ದಿನ ಊದಿಕೊಂಡಿದ್ದ ನೀರು ಇಳಿಯುತ್ತಿದೆ, ಈ ಕಾಯಿಲೆಯಲ್ಲಿ ಅದು ಒಳ್ಳೇ ಲಕ್ಷಣ ಅಂದರು. ಮೂರನೇ ದಿನ ಮೂಗಿನೊಳಗೆ ತುಂಬಿದ್ದ ಪ್ಯಾಕ್ ತೆಗೆದರು. ಅದು ಬಂದಷ್ಟೂ ಬರ್ತಾನೇ ಇತ್ತು, ಕಣ್ಣಲ್ಲಿ ನೀರು. ಆರನೇ ದಿನ ಮನೆಗೆ. ಮೂಗು ಸೀಟಬೇಡಿ, ಬಗ್ಗಬೇಡಿ, ಸೀನು ಬಂದರೆ ಬಾಯಿ ತೆಗೆದು ಸೀನಿ, ಮಲಬದ್ಧತೆ ಆಗದ ಹಾಗೆ ಸಿರಪ್ ಕುಡೀರಿ, ತಲೆ ಎತ್ತರಕ್ಕೆ ಇಟ್ಟು ಮಲಗಿ. ಸುಮಾರು 260 ಕಿಲೋಮೀಟರ್ ಕಾರಿನಲ್ಲಿ ಬಂದೆವು. ರಸ್ತೆಯ ಪ್ರತಿ ಉಬ್ಬಿಗೂ ನಮ್ಮವರು ನನ್ನ ತಲೆ ಹಿಡಿದುಕೊಳ್ಳುತ್ತಿದ್ದರು.

ಎಂಟನೇ ದಿನ ಬೆಳಗ್ಗೆ ತಲೆನೋವು. ಊಟ ಸೇರಲಿಲ್ಲ. ಮಧ್ಯಾಹ್ನ ವಾಂತಿ ಆಯಿತು. ಮಾತಾಡಿಸಿದರೆ ಉತ್ತರ ಕೊಡೋಕೆ ತಡ ಆಗುತ್ತಿತ್ತಂತೆ, ಮತ್ತೆ ಕಣ್ಣು ಮುಚ್ಚುತ್ತಿದ್ದೆನಂತೆ. ಅತ್ತೆ ಅಂದರು, "ಅಷ್ಟು ಹೊತ್ತು ಮತ್ತು ಕೊಟ್ಟಾರೆ, ಇನ್ನೂ ಇಳಿದಿಲ್ಲ. ನೀರು ಜಾಸ್ತಿ ಕುಡಿಸ್ರಿ, ತೊಳಕೊಂಡು ಹೋಗ್ತದೆ." ಪಕ್ಕದ ಮನೆಯವರೂ ಹೌದು ಅಂದರು. ಎಳನೀರು, ಮಜ್ಜಿಗೆ, ನೀರು, ಗಂಟೆಗೊಂದು ಲೋಟ. ಎಲ್ಲಾ ಪ್ರೀತಿಯಿಂದಲೇ ಮಾಡಿದ್ದು. ಮರುದಿನ ಮಗಳ ಹೆಸರು ಹೇಳೋಕೆ ನಾನು ತಡವರಿಸಿದೆ.

ಆಗ ಮಗಳು ಡಿಸ್ಚಾರ್ಜ್ ಕಾಗದ ತೆಗೆದು ಮೊದಲಿಂದ ಓದಿದಳು. ಎರಡನೇ ಪುಟದ ಕೆಳಗೆ ಇತ್ತು: ಏಳನೇ ದಿನ ಸೋಡಿಯಂ ಪರೀಕ್ಷೆ ಮಾಡಿಸಿ, ನೀರು ಮಿತಿಯಲ್ಲಿ ಕುಡಿಯಿರಿ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಬಿಲ್ಲಿನ ಗಡಿಬಿಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅವಳು ಬೆಂಗಳೂರಿಗೆ ಫೋನ್ ಮಾಡಿದಾಗ, "ನೀರು ನಿಲ್ಲಿಸಿ, ಈಗಲೇ ಹತ್ತಿರದ ಐಸಿಯು ಇರೋ ಆಸ್ಪತ್ರೆಗೆ ಹೋಗಿ" ಅಂದರು. ಸೋಡಿಯಂ 135ರಿಂದ 145 ಇರಬೇಕು. ನನ್ನದು 121.

ಆಪರೇಷನ್ ಆಗಿ ಒಂದು ವಾರದ ಆಸುಪಾಸಿನಲ್ಲಿ ಕೆಲವರಿಗೆ ಆ ನೀರು ಹಿಡಿದಿಡೋ ಹಾರ್ಮೋನ್ ಒಮ್ಮೆಗೇ ಜಾಸ್ತಿ ಬಿಡುಗಡೆ ಆಗುತ್ತೆ. ಕುಡಿದ ನೀರು ಹೊರಗೆ ಹೋಗೋದಿಲ್ಲ, ರಕ್ತದ ಉಪ್ಪು ತೆಳುವಾಗುತ್ತೆ, ಮೆದುಳು ಬಾವು ಬರುತ್ತೆ. ಇನ್ನೂ ಕಮ್ಮಿಯಾದರೆ ಫಿಟ್ಸ್ ಬರಬಹುದಿತ್ತು. ನಾವು ಕುಡಿಸಿದ ಒಂದೊಂದು ಲೋಟವೂ ಅದನ್ನೇ ಹೆಚ್ಚು ಮಾಡಿತ್ತು. ಸ್ಟೀರಾಯ್ಡ್ ಹಾರ್ಮೋನ್ ಕಮ್ಮಿ ಆದರೂ ಇದೇ ಥರ ಕಾಣುತ್ತಂತೆ, ಅದಕ್ಕೆ ಕಾರ್ಟಿಸಾಲ್ ಅನ್ನೋ ಆ ಹಾರ್ಮೋನ್ ಕೂಡ ನೋಡಿದರು, ಅದು ಸರಿಯಿತ್ತು. ಗಟ್ಟಿ ಉಪ್ಪಿನ ಡ್ರಿಪ್ಪನ್ನು ಬಹಳ ನಿಧಾನಕ್ಕೆ ಬಿಟ್ಟರು. ಒಮ್ಮೆಲೇ ಏರಿಸಿದರೆ ಮೆದುಳಿಗೆ ಬೇರೆ ಪೆಟ್ಟು. ದಿನಕ್ಕೆ ನೀರು 800 ಎಂಎಲ್ ಮಾತ್ರ, ಮಾತ್ರೆ ನುಂಗೋದೂ ಸೇರಿ. ನಾಲ್ಕು ದಿನ ಇದ್ದೆ, 34 ಸಾವಿರ ಆಯಿತು.

ಅಲ್ಲಿನ ಡಾಕ್ಟರು ಅತ್ತೆಯನ್ನು ಕೂರಿಸಿಕೊಂಡು ಹೇಳಿದರು, "ಅಜ್ಜಿ, ಆ ಔಷಧಿ ಒಂದೆರಡು ದಿನದಲ್ಲಿ ಮೈಯಿಂದ ಹೋಗಿರುತ್ತೆ. ಎಂಟನೇ ದಿನ ಮಂಪರು ಬಂದರೆ ಅದು ಮತ್ತಲ್ಲ." ಅತ್ತೆ ಬಹಳ ನೊಂದುಕೊಂಡರು. ಅವರದೇನೂ ತಪ್ಪಿರಲಿಲ್ಲ, ನಮಗ್ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಈಗ ಈ ಆಪರೇಷನ್ ಆದವರು ಸಿಕ್ಕರೆ ಅವರೇ ಮೊದಲು ಕೇಳ್ತಾರೆ, "ಸೋಡಿಯಂ ನೋಡಿಸಿದ್ರಾ?"

ಏಳನೇ ದಿನದ ಪರೀಕ್ಷೆಯನ್ನು ಆಸ್ಪತ್ರೆ ಬಿಡೋ ಮುಂಚೆಯೇ ಮನೆಯ ಕ್ಯಾಲೆಂಡರಿನಲ್ಲಿ ಬರೆಸಿ. ಊರಿನ ಲ್ಯಾಬಲ್ಲೇ ಆಗುತ್ತೆ, ಅದೇ ದಿನ ರಿಪೋರ್ಟ್ ಬರುತ್ತೆ, ನನಗೆ ಮುನ್ನೂರು ಚಿಲ್ಲರೆ ತಗುಲಿತು. ಮೂಗಿನಿಂದ ಉಪ್ಪುಪ್ಪು ನೀರು ತೊಟ್ಟಿಕ್ಕಿದರೆ, ಕಣ್ಣು ಮಂಜಾದರೆ, ಮಂಪರು ಬಂದರೆ ಕಾಯಬೇಡಿ.

12 ವಾರಕ್ಕೆ ಮಾಡಿಸಿದ ಐಜಿಎಫ್-1 ನನ್ನ ವಯಸ್ಸಿಗೆ ಎಷ್ಟಿರಬೇಕೋ ಅಷ್ಟಿದೆ. ದವಡೆ ಹಾಗೇ ಇರುತ್ತೆ, ಮೂಳೆ ಹಿಂದಕ್ಕೆ ಬರಲ್ಲ. ಊತ ಇಳಿದಿದೆ. ಬಳೆ 2.6ಕ್ಕೆ ಬಂದಿದೆ. ಹೋದ ವಾರ ಹಳೇ ಕತ್ತರಿ ತೆಗೆದು ನೋಡಿದೆ, ಹೆಬ್ಬೆರಳು ಗಂಟು ದಾಟಿ ಒಳಗೆ ಹೋಯಿತು. ಮುಂದಿನ ತಿಂಗಳು ಮತ್ತೆ ಸ್ಲೀಪ್ ಸ್ಟಡಿ ಇದೆ. ಈ ಸಲದ ಅನಸ್ತೇಶಿಯಾ ಶೀಟಿನ ಜೆರಾಕ್ಸ್ ಇಸ್ಕೊಂಡು ಬಂದಿದ್ದೇನೆ. ಅದರ ಮೇಲೆ ಮೇಡಂ ಕೈಬರಹದಲ್ಲಿ, ನಳಿಗೆ ಕ್ಯಾಮೆರಾ ಇಟ್ಟು ಹಾಕಿದ್ದು, ಪ್ರೊಪೊಫಾಲ್, ವಾಂತಿ ಇಲ್ಲ ಅಂತ ಬರೆದುಕೊಟ್ಟಿದ್ದಾರೆ. ಲ್ಯಾಮಿನೇಷನ್ ಮಾಡಿಸಿ ಫೈಲಿನ ಮೊದಲ ಹಾಳೆಯಾಗಿ ಇಟ್ಟಿದ್ದೇನೆ.